ಹೆಸರು ಹೇಳಬೇಡಿ ಪಾಸ್ಟರ್

ನಮ್ಮ ಚರ್ಚ್ ಇರುವುದು ತಿಲಕ್ ನಗರದ ಒಂದು ಒಳರಸ್ತೆಯಲ್ಲಿ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಅಲ್ಲಿನ ಸೇವಾ ಗುಂಪಿಗೆ ಕಾರ್ಯದರ್ಶಿಯಾದೆ. ಅಷ್ಟು ವರ್ಷ ಆಸ್ಪತ್ರೆಯಲ್ಲಿ ದುಡಿದಾಗ ಬರದ ಬಿ.ಪಿ. ಇಲ್ಲಿಗೆ ಬಂದ ಮೇಲೆ ಬಂತು. ದಾನಧರ್ಮದ ಕೆಲಸ ಅಂದರೆ ನೆಮ್ಮದಿಯ ಕೆಲಸ ಅಂತ ಹೊರಗಿನವರು ತಿಳಿದಿರುತ್ತಾರೆ. ಕೊಡುವವರು, ತಗೊಳ್ಳುವವರು, ನೋಡುವವರು ಮೂವರೂ ಒಂದು ಕಡೆ ಸೇರಿದರೆ ಏನಾದರೂ ಒಂದು ಆಗದೆ ಇರುವುದಿಲ್ಲ. ಆಗುವ ಹೊತ್ತಿನಲ್ಲಿ ಎದೆ ಡವಡವ ಅನ್ನುತ್ತಿರುತ್ತದೆ. ನಗು ಬರುವುದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ.

ಗಾಲಿಕುರ್ಚಿ

ನಮ್ಮ ಸಭೆಯಲ್ಲಿ ಜೆ.ಪಿ. ನಗರದ ಬಿಲ್ಡರ್ ಒಬ್ಬರಿದ್ದಾರೆ. ತಾಯಿ ತೀರಿಕೊಂಡ ಮೇಲೆ ಅವರ ನೆನಪಿಗೆ ಒಂದು ವೃದ್ಧಾಶ್ರಮಕ್ಕೆ ಗಾಲಿಕುರ್ಚಿ ಕೊಡಲು ಮುಂದಾದರು. ಮನಸ್ಸು ಒಳ್ಳೆಯದೇ. ತಾಯಿಯ ಮಾತು ಬಂದರೆ ಈಗಲೂ ಅವರ ಕಣ್ಣು ತುಂಬುತ್ತದೆ. ಆದರೆ ಕುರ್ಚಿ ಬಂದಾಗ ನೋಡಿದರೆ, ಅದರ ಬೆನ್ನಿಗೆ ಕೆಂಪು ಬಣ್ಣದಲ್ಲಿ ತಾಯಿಯ ಹೆಸರು ಸಣ್ಣದಾಗಿ, ಇವರ ಹೆಸರು ದೊಡ್ಡದಾಗಿ ಬರೆಸಿದ್ದರು.

ಆಶ್ರಮದಲ್ಲಿ ಸೊಂಟ ಮುರಿದುಕೊಂಡಿದ್ದ ಒಬ್ಬ ಅಜ್ಜಿಗೆ ಅದನ್ನು ಕೊಡುವುದಿತ್ತು. ಒಂದು ಕಾಲದಲ್ಲಿ ಜಯನಗರದಲ್ಲಿ ಹೂವು ಮಾರುತ್ತಿದ್ದ ಹೆಂಗಸು. ಮಾತು ಕಡಿಮೆ, ಆಡಿದರೆ ಬೀದಿ ಕೊನೆಗೆ ಕೇಳಿಸಬೇಕು. ಅಜ್ಜಿಯನ್ನು ಎತ್ತಿ ಕೂರಿಸಿದೆವು. ಪಾಸ್ಟರ್ ಪ್ರಾರ್ಥನೆ ಮುಗಿಸಿದರು, ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ. ಆಗ ಬಿಲ್ಡರ್‌ಗೆ ಹೊಳೆಯಿತು, ಮುಂದಿನಿಂದ ತೆಗೆದರೆ ಹೆಸರು ಕಾಣುವುದಿಲ್ಲ.

ಅಜ್ಜಿ ಸ್ವಲ್ಪ ಎದ್ದು ಪಕ್ಕಕ್ಕೆ ನಿಂತರೆ ಹೇಗೆ ಅಂತ ಕೇಳಿದರು. ಎದ್ದು ನಿಲ್ಲುವ ಹಾಗಿದ್ದರೆ ಕುರ್ಚಿ ಯಾಕೆ ಬೇಕಿತ್ತು ಅಂತ ನಾನು ಮೆಲ್ಲಗೆ ಹೇಳಿದೆ. ಅವರ ಮುಖ ಬಿಗಿಯಿತು. ವರ್ಷಾವರ್ಷ ನಮ್ಮ ಕೆಲಸಗಳಿಗೆಲ್ಲ ಮೊದಲು ಕೈ ಎತ್ತುವವರು ಅವರೇ. ಪಾಸ್ಟರ್ ನೆಲ ನೋಡಿದರು, ನಾನು ಪಾಸ್ಟರನ್ನು ನೋಡಿದೆ. ಯಾರೂ ಬೇಡ ಅನ್ನಲಿಲ್ಲ. ಕೊನೆಗೆ ಬಿಲ್ಡರೇ ಕುರ್ಚಿಯನ್ನು ತಿರುಗಿಸಿದರು. ನಾವೆಲ್ಲ ಕ್ಯಾಮೆರಾ ಕಡೆ, ಅಜ್ಜಿ ಒಬ್ಬರು ಗೋಡೆ ಕಡೆ. ಫೋಟೋಗ್ರಾಫರ್ ಅಭ್ಯಾಸಬಲದಿಂದ "ಎಲ್ಲಾ ಸ್ಮೈಲ್ ಮಾಡಿ" ಅಂದ.

ಗೋಡೆಯ ಕಡೆಯಿಂದ ದನಿ ಬಂತು. "ಅಲ್ಲಪ್ಪಾ, ನಾನೇನು ತಪ್ಪು ಮಾಡ್ದೆ? ಸ್ಕೂಲಲ್ಲಿ ಹೋಂವರ್ಕ್ ಮಾಡ್ದೇ ಇದ್ದೋರನ್ನ ಹಿಂಗೆ ಕೂರಿಸ್ತಿದ್ರು."

ಬಿಲ್ಡರ್ ಕುರ್ಚಿಯನ್ನು ಮತ್ತೆ ತಿರುಗಿಸಿದರು. ಆಮೇಲೆ ಅಜ್ಜಿಯ ಕಾಲ ಹತ್ತಿರವೇ ನೆಲದ ಮೇಲೆ ಕೂತರು. ಆ ಫೋಟೋದಲ್ಲಿ ಹೆಸರೂ ಇಲ್ಲ, ಬಿಲ್ಡರೂ ಅರ್ಧವೇ ಇದ್ದಾರೆ. ಅಜ್ಜಿ ಮಾತ್ರ ಪೂರ್ತಿ ಇದ್ದಾರೆ.

ಚಿತ್ರಾನ್ನ

ಒಂದು ಮಳೆಗಾಲ. ವಸಂತಪುರದ ತಗ್ಗಿನಲ್ಲಿ ಕಟ್ಟಡ ಕೆಲಸದವರ ಶೆಡ್‌ಗಳಿಗೆ ನೀರು ನುಗ್ಗಿತ್ತು. ಒಲೆ ಹಚ್ಚುವುದಕ್ಕೂ ಜಾಗವಿಲ್ಲ ಅಂತ ಗೊತ್ತಾಗಿ, ಬೆಳಗ್ಗೆ ಬೆಳಗ್ಗೆಯೇ ಚರ್ಚ್ ಹಿಂದಿನ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗೆ ಅಕ್ಕಿ ಹಾಕಿ ಚಿತ್ರಾನ್ನ ಮಾಡಿದೆವು. ಪೊಟ್ಟಣ ಕಟ್ಟಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೊರಟೆವು. ಪಾಸ್ಟರ್, ನಾನು, ಮತ್ತೆ ನಮ್ಮ ಸಭೆಯ ಅಡುಗೆ ಆಂಟಿ.

ಶೆಡ್‌ಗಳು ಇನ್ನೇನು ಕಾಣಬೇಕು, ಅಷ್ಟರಲ್ಲಿ ನಾಲ್ಕಾರು ಜನ ರಸ್ತೆಗೆ ಅಡ್ಡ ನಿಂತರು. ಅವರ ಮುಂದೆ ಆ ಊರಿನ ಹಳೇ ಮನೆತನದ ಯಜಮಾನರು. ಸುತ್ತಲಿನ ಮನೆಗಳಲ್ಲಿ ಅರ್ಧ ಅವರ ಬಾಡಿಗೆ ಮನೆಗಳೇ ಅಂತ ಆಮೇಲೆ ತಿಳಿಯಿತು. ಆಟೋ ಇಂಜಿನ್ ಆಫ್ ಮಾಡಿಸಿದರು. ಯಾವ ಕಡೆಯವರು ಅಂತ ಕೇಳಿದರು. ಪಾಸ್ಟರ್ ಮುಚ್ಚಿಡಲಿಲ್ಲ, ಚರ್ಚಿನವರು ಅಂದರು. ಹಿಂದೆ ನಿಂತಿದ್ದವರಲ್ಲಿ ಒಬ್ಬ ಫೋನ್ ತೆಗೆದು ವಿಡಿಯೋ ಮಾಡತೊಡಗಿದ.

"ಊಟ ಕೊಟ್ಟು ಆಮೇಲೆ ಏನ್ ಕೇಳ್ತೀರಾ?" ಅಂದರು ಯಜಮಾನರು. ದನಿ ಎತ್ತಲಿಲ್ಲ. ಎತ್ತದೇ ಇದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ಏನೂ ಕೇಳಲ್ಲ ಅಂತ ಪಾಸ್ಟರ್ ಹೇಳಿದರು. ಪೊಟ್ಟಣದೊಳಗೆ ಪುಸ್ತಕವೋ ಚೀಟಿಯೋ ಇರಬಹುದು ಅಂತ ಹಿಂದಿನವರು ಗೊಣಗಿದರು. ಅಡುಗೆ ಆಂಟಿ ಇಳಿದು ಹೋಗಿ ಯಜಮಾನರ ಕೈಗೆ ಒಂದು ಪೊಟ್ಟಣ ಇಟ್ಟರು. "ಬಿಚ್ಚಿ ನೋಡಿ. ತಿಂದೂ ನೋಡಿ" ಅಂದರು.

ಅವರು ಬಿಚ್ಚಿದರು. ಬೆರಳಿನಿಂದ ಅನ್ನ ಕೆದಕಿ ನೋಡಿದರು. ಕಡಲೆಕಾಯಿ ಬೀಜ, ಕರಿಬೇವು ಬಿಟ್ಟರೆ ಬೇರೇನೂ ಸಿಗಲಿಲ್ಲ. ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಅಗಿದರು. ಅಗಿಯುವುದು ನಿಂತಿತು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ನಿಧಾನಕ್ಕೆ ನುಂಗಿ, ವಿಡಿಯೋ ಮಾಡುತ್ತಿದ್ದವನ ಹತ್ತಿರ ನೀರಿನ ಬಾಟಲಿ ಕೇಳಿ ಇಸಕೊಂಡು ಕುಡಿದರು.

ನನಗೆ ಆಗಲೇ ಅರ್ಥವಾಯಿತು. ನಾನೂ ಉಪ್ಪು ಹಾಕಿದ್ದೆ, ಆಂಟಿಯೂ ಹಾಕಿದ್ದರು. ಚಿತ್ರಾನ್ನ ತನ್ನದೇ ಅನ್ನಿಸಿಕೊಳ್ಳಬೇಕು ಅಂತ ಇಬ್ಬರಿಗೂ ಇದ್ದದ್ದರಿಂದ ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಯಜಮಾನರು ಬಾಯಿ ಒರೆಸಿಕೊಂಡು ತಮ್ಮವರ ಕಡೆ ತಿರುಗಿ, ದಾರಿ ಬಿಡಿ ಅಂದರು. ಆಮೇಲೆ ಪಾಸ್ಟರ್‌ಗೆ ಹೇಳಿದರು: "ಹೋಗಿ ಕೊಡಿ ಸಾರ್. ಈ ಚಿತ್ರಾನ್ನ ತಿಂದು ನಿಮ್ಮ ಕಡೆ ಯಾರೂ ಬರಲ್ಲ. ಇರೋರೂ ಬಿಟ್ಟು ಹೋಗ್ತಾರೆ."

ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಎರಡು ಕ್ಯಾನ್ ಮೊಸರು ಬಂತು, ಕಲಸಿಕೊಂಡು ತಿನ್ನಲಿ ಅಂತ.

ಬೆಡ್ ಬದಲು

ಇದು ಚಿಕ್ಕದು. ಸಭೆಯ ವಯಸ್ಸಾದವರೊಬ್ಬರು ಬನಶಂಕರಿಯ ಆಸ್ಪತ್ರೆಯಲ್ಲಿದ್ದರು. ಇನ್ನು ಕಷ್ಟ ಅಂತ ಡಾಕ್ಟರ್ ಹೇಳಿಯಾಗಿತ್ತು. ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ಯಾರ ಹಾಸಿಗೆ ಪಕ್ಕದಲ್ಲೂ ತಮಗಿಂತ ಮೊದಲು ಇನ್ನೊಬ್ಬರು ಪ್ರಾರ್ಥನೆ ಮಾಡಿದರೆ ಅವರಿಗೆ ಸಮಾಧಾನವಿರುವುದಿಲ್ಲ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದರು. ನಾನು ಹಿಂದೆಯೇ ಏದುಸಿರು ಬಿಡುತ್ತಾ ಹೋದೆ. ವಾರ್ಡ್ ತಲುಪುವ ಹೊತ್ತಿಗೆ ಅವರು ಮುಸುಕು ಹೊದ್ದು ಮಲಗಿದ್ದ ಒಬ್ಬರ ತಲೆಯ ಮೇಲೆ ಕೈಯಿಟ್ಟು ಶುರು ಮಾಡಿಬಿಟ್ಟಿದ್ದರು.

"ಕರ್ತನೇ, ಈ ನಿನ್ನ ಮಗನ ಓಟ ಮುಗಿಯಿತು. ಹೆಂಡತಿ ಮಕ್ಕಳಿಗೆ ಧೈರ್ಯ ಕೊಡು."

ನನ್ನ ಕಣ್ಣು ಬೆಡ್ಡಿನ ಮೇಲಿದ್ದ ನಂಬರ್ ಮೇಲೆ ಬಿತ್ತು. ನಮ್ಮವರು ಪಕ್ಕದ ವಾರ್ಡ್. ನಾನು ಹಿರಿಯರ ತೋಳು ಹಿಡಿದು ಎಳೆದೆ. ನನಗೆ ಭಕ್ತಿ ಹೆಚ್ಚಾಗಿದೆ ಅಂದುಕೊಂಡು ಅವರು ದನಿ ಇನ್ನೂ ಏರಿಸಿದರು. ಅಷ್ಟರಲ್ಲಿ ಮುಸುಕು ಮೆಲ್ಲಗೆ ಕೆಳಗಿಳಿಯಿತು. ನಡುವಯಸ್ಸಿನ ಮನುಷ್ಯ, ಹಣೆಯಲ್ಲಿ ಕುಂಕುಮ, ಮುಖದಲ್ಲಿ ರಕ್ತವೇ ಇಲ್ಲ.

"ಸಾರ್, ಡಾಕ್ಟ್ರು ನಂಗೆ ಬರೀ ಹರ್ನಿಯಾ ಅಂದಿದ್ರು. ನಿಮ್ ಹತ್ರ ಏನ್ ಹೇಳಿದ್ರು?"

ಕೀಬೋರ್ಡ್

ಚರ್ಚಿನ ಹಳೆಯ ಕೀಬೋರ್ಡ್ ಹಾಡಿನ ನಡುವೆ ಸುಮ್ಮನಾಗಿಬಿಡುತ್ತಿತ್ತು. ಜಯನಗರದಲ್ಲಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹೊಸದೊಂದನ್ನು ಕೊಡಿಸಿದರು. ಶಿಸ್ತಿನ ಮನುಷ್ಯ. ಹೆಸರು ಹೇಳಬೇಡಿ ಪಾಸ್ಟರ್, ಕೊಟ್ಟವನಿಗೂ ದೇವರಿಗೂ ಗೊತ್ತಿದ್ದರೆ ಸಾಕು ಅಂತ ಕಟ್ಟುನಿಟ್ಟಾಗಿ ಹೇಳಿದರು. ವಿಷಯ ಗೊತ್ತಿದ್ದದ್ದು ಪಾಸ್ಟರ್‌ಗೆ ಮತ್ತು ನನಗೆ.

ಭಾನುವಾರ ಪಾಸ್ಟರ್ ಹಾಗೆಯೇ ಹೇಳಿದರು. ಹೆಸರು ಬೇಡವೆಂದ ಒಬ್ಬ ಸಹೋದರರು ಕೊಟ್ಟಿದ್ದಾರೆ ಅಂತ. ಬ್ಯಾಂಕಿನವರು ಎರಡು ಸಲ ಕೆಮ್ಮಿದರು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ನೋಡಿದ್ದು ಎರಡನೇ ಬೆಂಚಿನಲ್ಲಿ ಕೂತಿದ್ದ ಬಟ್ಟೆ ಅಂಗಡಿಯವರನ್ನು. ಅವರು ಹಾಡುಗಾರರು, ಕೈಯೂ ಧಾರಾಳ. ಆರಾಧನೆ ಮುಗಿದ ಮೇಲೆ ಜನ ಸಾಲಾಗಿ ಹೋಗಿ ಅವರ ಕೈ ಕುಲುಕಿದರು. ಅವರು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಮೇಲೆ ನೋಡಿ, "ಎಲ್ಲಾ ದೇವರ ಕೃಪೆ" ಅಂದರು.

ಮುಂದಿನ ವಾರಗಳಲ್ಲಿ ಅದು ಇನ್ನೂ ಗಟ್ಟಿಯಾಯಿತು. ಹೊಸ ಹಾಡು ನುಡಿಸಿದಾಗಲೆಲ್ಲ ಜನ ಬಟ್ಟೆ ಅಂಗಡಿಯವರ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಬ್ಯಾಂಕಿನವರ ಹೆಂಡತಿ ನನಗೆ ಫೋನ್ ಮಾಡಿ, ಇವರು ಸರಿಯಾಗಿ ಊಟ ಮಾಡುತ್ತಿಲ್ಲ, ಬಿ.ಪಿ. ನೋಡಿ ಹೋಗ್ತೀರಾ ಅಂತ ಕೇಳಿದರು. ಹೋದೆ. ಬಿ.ಪಿ. ಏರಿಯೇ ಇತ್ತು. ಅವರು ನನ್ನನ್ನೇ ದಿಟ್ಟಿಸಿದರು.

"ನನ್ನ ಹೆಸರು ಹೇಳ್ಬೇಡಿ ಅಂದಿದ್ದು ನಿಜ ಸಿಸ್ಟರ್. ಇನ್ನೊಬ್ಬರ ಹೆಸರು ಹೇಳಿ ಅಂದಿದ್ನಾ?"

ಹಾಗಾದರೆ ಪಾಸ್ಟರ್ ಹತ್ತಿರ ನಿಜ ಹೇಳಿಸಲೇ ಅಂತ ಕೇಳಿದೆ. ಬೇಡ, ಆಡಿದ ಮಾತು ಮಾತೇ ಅಂದರು. ಹೇಳಿಸಿದರೆ ಪುಣ್ಯ ಕರಗುತ್ತದೆ, ಸುಮ್ಮನಿದ್ದರೆ ಇವರೇ ಕರಗುತ್ತಾರೆ, ಹಾಗಿತ್ತು ಅವರ ಸ್ಥಿತಿ.

ಆ ಭಾನುವಾರ ಬಹಿರಂಗ ಪ್ರಾರ್ಥನೆಯ ಸಮಯ. ಯಾರು ಬೇಕಾದರೂ ಎದ್ದು ನಿಂತು ಪ್ರಾರ್ಥನೆ ಮಾಡಬಹುದು. ಎಲ್ಲರೂ ಕಣ್ಣು ಮುಚ್ಚಿದ್ದೆವು. ಹಿಂದಿನ ಬೆಂಚು ಕಿರ್ರ್ ಅಂದಿತು. ಆ ಕೆಮ್ಮು ನನಗೆ ಗೊತ್ತಿತ್ತು. ಪಾಸ್ಟರ್ ಕಣ್ಣು ಬಿಟ್ಟು ನನ್ನನ್ನು ನೋಡಿದರು, ನಾನು ಕಣ್ಣು ಬಿಟ್ಟು ಅವರನ್ನು ನೋಡಿದೆ.

"ಕರ್ತನೇ," ಅಂದರು ಬ್ಯಾಂಕಿನವರು, "ಈ ಕೀಬೋರ್ಡ್ ಯಾರು ಕೊಟ್ಟರು ಅಂತ ನಿನಗೆ ಗೊತ್ತಿದೆ. ಅವನ ಹೆಸರು ನಾನು ಹೇಳೋದಿಲ್ಲ. ಎರಡನೇ ಬೆಂಚಿನಲ್ಲಿ ಕೂತವರು ಕೊಟ್ಟಿಲ್ಲ ಅನ್ನೋದೂ ನಿನಗೆ ಗೊತ್ತಿದೆ."

ಇಬ್ಬರ ನಡುವೆ ಜಗಳ ಹತ್ತಿಕೊಂಡರೆ ಸಭೆಯೇ ಎರಡಾಗುತ್ತದೆ ಅಂತ ಹೆದರಿ ನಾನು ಮತ್ತೆ ಕಣ್ಣು ಮುಚ್ಚಲೇ ಇಲ್ಲ. ಆಗ ಎರಡನೇ ಬೆಂಚಿನಿಂದ ಬಟ್ಟೆ ಅಂಗಡಿಯವರು ಎದ್ದರು. ಕಣ್ಣು ಮುಚ್ಚಿಕೊಂಡೇ, ಹಾಡುಗಾರರ ಆ ತಣ್ಣನೆಯ ದನಿಯಲ್ಲಿ ಅವರೂ ಪ್ರಾರ್ಥನೆ ಮಾಡಿದರು.

"ಕರ್ತನೇ, ಜನ ಕೊಟ್ಟ ಥ್ಯಾಂಕ್ಸ್ ಎಲ್ಲಾ ನನ್ನ ಹತ್ತಿರ ಹಾಗೇ ಜೋಪಾನವಾಗಿದೆ. ಒಂದನ್ನೂ ಬಳಸಿಲ್ಲ. ಯಾರದ್ದೋ ಅವರು ಬಂದು ತಗೊಂಡು ಹೋಗಲಿ."

ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದವರು ಬ್ಯಾಂಕಿನವರು.