ನಮ್ಮ ರಸ್ತೆಗೆ ಮತ್ತೊಂದು ಗುದ್ದಲಿ ಪೂಜೆ

ಕಾಫಿ ಒಂದು ವರ್ಷ ಕೈಕೊಡುತ್ತದೆ, ಮೆಣಸಿಗೆ ಇನ್ನೊಂದು ವರ್ಷ ರೋಗ ಬರುತ್ತದೆ, ಆದರೆ ನಮ್ಮ ಕಡೆ ರಾಜಕೀಯದ ಫಸಲು ಮಾತ್ರ ಯಾವತ್ತೂ ತಪ್ಪಿದ್ದಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ನಾನು ಎಷ್ಟೋ ಸಲ ಹೊತ್ತಿಗೆ ಮುಂಚೆಯೇ ಅಂಗಡಿಯ ಶಟರ್ ಎಳೆದು ಮನೆಗೆ ಹೋಗಿದ್ದೇನೆ.

ಕಳಸದಿಂದ ಬಾಳೂರಿನ ಕಡೆಗೆ ಬರುವ ದಾರಿಯಲ್ಲಿ ಒಂದು ಕ್ರಾಸಿದೆ. ಅಲ್ಲಿ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಗುದ್ದಲಿ, ಕತ್ತಿ, ಹಗ್ಗ, ಪೈಪು, ಮೊಳೆ ಸಿಗುತ್ತವೆ. ಮೊಳೆ ತೂಗಿ ಕೊಡುವವಳು ನನ್ನ ಮಗಳು. ಅವಳು ಸಿವಿಲ್ ಡಿಪ್ಲೊಮಾದಲ್ಲಿ ಕಾಲೇಜಿಗೇ ಎರಡನೆಯವಳು. ರಸ್ತೆ, ಸೇತುವೆ ಕಟ್ಟಲು ಕಲಿತ ಹುಡುಗಿ ಮೊಳೆ ತೂಗುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಂಗಡಿಯ ಪಕ್ಕದಲ್ಲೇ ಗುಡ್ಡದ ಮೇಲಿನ ಕಾಲೊನಿಗೆ ಹೋಗುವ ಮಣ್ಣುರಸ್ತೆಯಿದೆ. ಅದಕ್ಕೆ ಕಾಂಕ್ರೀಟ್ ಬೀಳುವ ದಿನ ಅವಳಿಗೂ ಒಂದು ಕೆಲಸ ಸಿಗುತ್ತದೆ ಎಂದು ನಾವಿಬ್ಬರೂ ನಂಬಿಕೊಂಡಿದ್ದೆವು. ಯಾಕೆ ನಂಬಿದೆವು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಇಲ್ಲದ ಭಿಕ್ಷುಕರು

ಅಂಗಡಿಯ ಕಂದಾಯ ಕಟ್ಟಲು ಪಂಚಾಯತಿಗೆ ಹೋಗಿದ್ದೆ. ಹಿಂದಿನ ವರ್ಷಕ್ಕಿಂತ ಏರಿತ್ತು. ಬಿಲ್ ಕಲೆಕ್ಟರನ್ನು ಕೇಳಿದೆ, "ಇದರಲ್ಲಿ ಏನೇನು ಸೇರ್ಸಿದ್ದೀರಿ ಮಾರಾಯ್ರೆ?"

"ಬೀದಿ ದೀಪ."

"ಕ್ರಾಸಲ್ಲಿ ದೀಪ ಉರಿಯೋದೇ ಇಲ್ಲ."

"ಕಂಬ ಇದೆಯಲ್ಲ. ಆಮೇಲೆ ಗ್ರಂಥಾಲಯದ ಕರ."

"ಗ್ರಂಥಾಲಯಕ್ಕೆ ಬೀಗ ಹಾಕಿದ್ದೀರಿ. ಒಳಗೆ ಸಿಮೆಂಟ್ ಚೀಲ ಇಟ್ಟಿದ್ದೀರಿ."

"ಬೀಗ ಹಾಕಿದ್ರೂ ಗ್ರಂಥಾಲಯ ಗ್ರಂಥಾಲಯವೇ ತಾನೆ. ಆಮೇಲೆ ಭಿಕ್ಷುಕರ ಕರ."

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲ, ಈ ಪಂಚಾಯತಿಯಲ್ಲಿ ಯಾರು ಭಿಕ್ಷೆ ಬೇಡ್ತಾರೆ? ಒಬ್ಬರನ್ನ ತೋರ್ಸಿ ನೋಡುವ."

ಅವರು ಒಳ್ಳೆಯ ಮನುಷ್ಯ, ಧ್ವನಿ ಏರಿಸಿದವರಲ್ಲ. ರಸೀದಿ ಹರಿದು ನನ್ನ ಕೈಗಿಟ್ಟು ಸಮಾಧಾನವಾಗಿ ಹೇಳಿದರು, "ಈಗ ಇಲ್ಲ ಅನ್ನೋದು ಸರಿಯೇ. ನೀವು ಹೀಗೇ ವರ್ಷವರ್ಷ ಕಟ್ತಾ ಬನ್ನಿ, ಆಗ್ತಾರೆ."

ಸಾಹೇಬರ ಮೂರು ಏಟು

ರಸ್ತೆಗೆ ಮೊದಲ ಗುದ್ದಲಿ ಪೂಜೆ ಆದದ್ದು ಒಂದು ಚುನಾವಣೆಗೆ ಸ್ವಲ್ಪ ಮುಂಚೆ. ಶಾಮಿಯಾನ ಬಂತು, ಪುರೋಹಿತರು ಬಂದರು, ಆ ಚುನಾವಣೆಗೆ ನಿಲ್ಲಲಿದ್ದ ಮುಖಂಡರೊಬ್ಬರೂ ಬಂದರು. ಗುದ್ದಲಿ ತರುವುದನ್ನು ಮಾತ್ರ ಎಲ್ಲರೂ ಮರೆತಿದ್ದರು. ಮುಖಂಡರ ಪಿ.ಎ. ಏದುಸಿರು ಬಿಡುತ್ತಾ ನನ್ನ ಅಂಗಡಿಗೆ ಓಡಿಬಂದ.

"ಒಂದು ಹೊಸ ಗುದ್ದಲಿ ಕೊಡಿ. ಹಿಡಿಯೋ ಕಾವು ನುಣುಪಾಗಿರ್ಲಿ, ಇಲ್ಲಾಂದ್ರೆ ಸಾಹೇಬ್ರ ಕೈ ತರಚುತ್ತೆ."

ದುಡ್ಡಿನ ಮಾತೇ ಬರಲಿಲ್ಲ. ನಾನೂ ಕೇಳಲಿಲ್ಲ. ಮಗಳ ವಿಷಯ ಹೇಳಲು ಇದೇ ಸಮಯ ಎಂದು ಗುದ್ದಲಿಯ ಹಿಂದೆಯೇ ನಾನೂ ಹೋದೆ. ಮುಖಂಡರು ಅಲ್ಲೇ, ನಾಲ್ಕು ಜನರ ಎದುರಿಗೆ ಮಾತು ಕೊಟ್ಟರು. "ಸಿವಿಲ್ ಓದಿದಾಳಾ? ಮತ್ತೇನು ಯೋಚನೆ? ಕಾಮಗಾರಿ ಶುರುವಾಗ್ಲಿ, ನಿಮ್ಮ ಮಗಳೇ ಸೂಪರ್‌ವೈಸರ್."

ನಾವು ನಂಬಿದ್ದು ಈ ಮಾತನ್ನು. ಆ ಸಂಜೆ ಮಗಳು ಕಾಲೇಜಿನ ಅಳತೆ ಟೇಪನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿಟ್ಟಳು.

ಅಂದಿನ ಪೂಜೆಯಲ್ಲಿ ಮುಖಂಡರು ನೆಲಕ್ಕೆ ಮೂರು ಏಟು ಹಾಕಿದರು. ಫೋಟೋದವನು, ಕಣ್ಣು ಮುಚ್ಚಿದ್ರಿ ಸರ್, ಇನ್ನೊಂದ್ಸಲ, ಎಂದ. ಮತ್ತೆ ಹಾಕಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು, ಬೆವರು ಒರೆಸಿಕೊಂಡು, ಎಳನೀರು ಕುಡಿದರು. ಎಸ್ಟೇಟಿಗೆ ಹೊರಟಿದ್ದ ಆಳುಹೆಂಗಸೊಬ್ಬಳು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಇದನ್ನೆಲ್ಲ ನೋಡುತ್ತಾ ನಿಂತಿದ್ದಳು.

"ಪಾಪ," ಎಂದಳು ನನಗೆ. "ನಮ್ಮ ಮೇಸ್ತ್ರಿ ಇಲ್ಲಿಲ್ಲದ್ದು ಇವ್ರ ಪುಣ್ಯ. ಇಷ್ಟೇ ಅಗೆದು ಕೂತಿದ್ರೆ ಅರ್ಧ ದಿನದ ಸಂಬಳ ಹಿಡೀತಿದ್ದ."

ಅವರ ಗುಂಡಿ, ಇವರ ಗುಂಡಿ

ಚುನಾವಣೆ ಮುಗಿಯಿತು, ಆ ಮುಖಂಡರು ಸೋತರು. ಗೆದ್ದ ಪಕ್ಷದವರು ಬಂದು, ಹಿಂದಿನ ಪೂಜೆ ಲೆಕ್ಕಕ್ಕಿಲ್ಲ, ನಮ್ಮದು ಬೇರೆ ಯೋಜನೆ, ಪೂಜೆಯೂ ಬೇರೆ ಆಗಬೇಕು ಎಂದರು. ಇವರೂ ಗುದ್ದಲಿ ತಂದಿರಲಿಲ್ಲ.

ಗುದ್ದಲಿ ಕೊಟ್ಟು, "ಹೇಗೂ ಒಂದು ಗುಂಡಿ ಆಗಿದೆಯಲ್ಲ, ಅಲ್ಲೇ ಮುಂದುವರಿಸಿ" ಎಂದೆ.

ಪಕ್ಷದ ಅಧ್ಯಕ್ಷರು ಮುಖ ಸಿಂಡರಿಸಿದರು. "ಅವರ ಗುಂಡೀಲಿ ನಾವು ಅಗೆಯೋದಾ? ಸಿದ್ಧಾಂತ ಅಂತ ಒಂದಿರುತ್ತೆ ಮಾರಾಯ್ರೆ."

ಸಿದ್ಧಾಂತದ ಪ್ರಕಾರ ಎರಡು ಮಾರು ಆಚೆ ಇನ್ನೊಂದು ಗುಂಡಿ ತೋಡಿದರು. ಕಾಲೊನಿಯ ಜೀಪಿನವನು ಎರಡೂ ಗುಂಡಿ ತಪ್ಪಿಸಲು ಹೋಗಿ ಚರಂಡಿಗಿಳಿದ, ಜೀಪಿನ ಸ್ಪ್ರಿಂಗ್ ಪಟ್ಟೆ ಮುರಿಯಿತು. ಆಷಾಢದ ಮಳೆಗೆ ನಡುವಿನ ಮಣ್ಣು ಕುಸಿದು ಎರಡೂ ಸೇರಿ ಒಂದೇ ದೊಡ್ಡ ಹೊಂಡವಾಯಿತು. ನಮ್ಮ ತಾಲ್ಲೂಕಿನಲ್ಲಿ ಆ ಎರಡು ಪಕ್ಷಗಳು ಒಟ್ಟಿಗೆ ಮಾಡಿದ ಅಭಿವೃದ್ಧಿ ಕೆಲಸ ಅದೊಂದೇ.

ಉದ್ಯೋಗ ಮೇಳ

ಈ ನಡುವೆ ಮೂಡಿಗೆರೆಯಲ್ಲಿ ಉದ್ಯೋಗ ಮೇಳ ಎಂದರು. ಅಂಗಡಿ ಮುಚ್ಚಿ ಮಗಳನ್ನು ಕರೆದುಕೊಂಡು ಹೋದೆ. ವೇದಿಕೆಯ ಮೇಲಿದ್ದವರು ಮಧ್ಯಾಹ್ನದವರೆಗೂ ಭಾಷಣ ಮಾಡಿದರು. ಕೆಲಸ ಕೇಳುವವರಾಗಬೇಡಿ, ಕೊಡುವವರಾಗಿ ಎಂದರು. ಕೆಲಸ ಕೇಳಲೆಂದೇ ಬಸ್ಸು ಹಿಡಿದು ಬಂದಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು.

ಬಾಗಿಲಲ್ಲಿ ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡ ಹುಡುಗಿಯೊಬ್ಬಳು ಬಂದವರ ಹೆಸರು ನೋಂದಾಯಿಸುತ್ತಿದ್ದಳು. ಏನು ಚುರುಕು, ಏನು ನಯ. ನೋಡು, ಕೆಲಸ ಅಂದ್ರೆ ಹೀಗಿರ್ಬೇಕು ಎಂದು ಮಗಳಿಗೆ ಹೇಳಿದೆ. ಊಟವಾದ ಮೇಲೆ ಮಗಳು ಒಂದು ಕಂಪನಿಯ ಟೇಬಲ್ಲಿನೆದುರು ಸಾಲಿನಲ್ಲಿ ನಿಂತಳು. ಹಿಂದೆ ತಿರುಗಿದರೆ ಅದೇ ಹುಡುಗಿ, ಬ್ಯಾಡ್ಜ್ ಬ್ಯಾಗಿಗೆ ಹಾಕಿಕೊಂಡು, ಫೈಲ್ ಹಿಡಿದು ನಿಂತಿದ್ದಾಳೆ.

"ಇದೇನು, ನೀವಿಲ್ಲಿ?" ಎಂದಳು ಮಗಳು.

"ಸ್ವಲ್ಪ ಮುಂದೆ ಹೋಗಿ ಅಕ್ಕ," ಎಂದಳು ಆ ಹುಡುಗಿ. "ನನ್ನ ಕೆಲಸ ಊಟದವರೆಗೆ ಮಾತ್ರ ಇದ್ದದ್ದು."

ಭರ್ತಿಯಾದ ಹುದ್ದೆ

ಮತ್ತೆ ಚುನಾವಣೆ ಹತ್ತಿರ ಬಂತು, ಮತ್ತೆ ಶಾಮಿಯಾನ ಬಂತು. ಈ ಸಲ ಬಂದವರು ಮೊದಲ ಪೂಜೆಯ ಅದೇ ಮುಖಂಡರು. ಆದರೆ ಈಗ ಅವರು ಎರಡನೆಯ ಪಕ್ಷದಲ್ಲಿದ್ದರು. ಹಾಗಾಗಿ ಹೊಂಡದಲ್ಲಿ ಯಾವ ಕಡೆ ಅಗೆದರೂ ಅವರಿಗೆ ನಡೆಯುತ್ತಿತ್ತು. ನನ್ನ ಮಗಳನ್ನು ಕಂಡು, "ಏನಮ್ಮ, ಕೆಲಸ ಸಿಕ್ತಾ?" ಎಂದರು.

"ರಸ್ತೆ ಶುರುವಾದ್ರೆ ಕೊಡ್ತೀನಿ ಅಂದಿದ್ರಿ ಸರ್."

"ಹೌದಲ್ಲ. ರಸ್ತೆ ಎಲ್ಲಿಗೆ ಬಂತು?"

ಅದನ್ನು ಕೇಳಬಾರದಿತ್ತು. ಮಗಳು ಅಂಗಡಿಯೊಳಗೆ ಹೋಗಿ ಟೇಪ್ ತಂದಳು. ಚೂಡಿದಾರ ಎತ್ತಿಕಟ್ಟಿ ಹೊಂಡಕ್ಕಿಳಿದು, ಉದ್ದ ಅಗಲ ಅಳೆದಳು. ಫೋಟೋದವರು ಸುತ್ತ ನೆರೆದರು.

"ಒಂದು ಪೂಜೆಗೆ ನೀವು ಮೂರು ಏಟು ಹಾಕ್ತೀರಿ ಸರ್," ಎಂದಳು ಹೊಂಡದೊಳಗಿಂದಲೇ. "ಅದಕ್ಕೆ ಒಂದು ಮೊಳ ರಸ್ತೆ ಆಗುತ್ತೆ. ಎಲ್ಲ ಪಕ್ಷದವರೂ ಒಂದು ಚುನಾವಣೆಯನ್ನೂ ಬಿಡದೆ ಬಂದು ಅಗೆದ್ರೆ, ಕಾಲೊನಿ ಮುಟ್ಟೋ ಹೊತ್ತಿಗೆ ನನ್ನ ಮರಿಮಕ್ಕಳಿಗೆ ಪಿಂಚಣಿ ಬರ್ತಾ ಇರುತ್ತೆ. ಅವರಿಗಾದ್ರೂ ಕೆಲಸ ಸಿಕ್ಕಿದ್ರೆ."

ಸತ್ಯ ಹೇಳುತ್ತೇನೆ, ಅಷ್ಟು ಹೆಮ್ಮೆ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ. ಮುಖಂಡರು ಮಾತ್ರ ಒಂದಿಷ್ಟೂ ವಿಚಲಿತರಾಗದೆ ಮೈಕಿನ ಕಡೆ ತಿರುಗಿದರು. "ಕೇಳಿದ್ರಲ್ಲ? ನಾನು ಹೇಳಿದ್ದಲ್ಲ, ಇಂಜಿನಿಯರ್ ಓದಿದವರೇ ಅಳೆದು ಹೇಳ್ತಿದ್ದಾರೆ. ಕಾಮಗಾರಿ ನಡೀತಾ ಇದೆ." ಜನ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

ಹೊರಡುವಾಗ ನನ್ನ ಹೆಗಲು ತಟ್ಟಿ, ರಸ್ತೆ ಕೆಲಸದ ಇಲಾಖೆಯ ಕಚೇರಿಗೆ ಹೋಗಿ ಕಾಣಿ, ನಾನು ಫೋನ್ ಮಾಡಿರ್ತೀನಿ ಎಂದರು. ಮರುದಿನದ ಪೇಪರಿನಲ್ಲಿ ಸುದ್ದಿ ಬಂತು: 'ಕಾಲೊನಿ ರಸ್ತೆ ಕಾಮಗಾರಿ ಭರದಿಂದ ಪ್ರಗತಿಯಲ್ಲಿ.' ಜೊತೆಗೆ ಫೋಟೋ. ಹೊಂಡದಲ್ಲಿ ಟೇಪ್ ಹಿಡಿದು ಬಗ್ಗಿದ್ದ ನನ್ನ ಮಗಳದು. ಮುಖ ಕಾಣುತ್ತಿರಲಿಲ್ಲ.

ಆ ಪೇಪರನ್ನೇ ಹಿಡಿದುಕೊಂಡು ಕಚೇರಿಗೆ ಹೋದೆವು. ಅಲ್ಲಿನ ಇಂಜಿನಿಯರ್ ಸಾಹೇಬರು ನಮ್ಮನ್ನು ಕೂರಿಸಿ, ಸುದ್ದಿಯನ್ನು ಪೂರ್ತಿ ಓದಿದರು. ಓದಿ ಬೇಸರದಿಂದ ತಲೆಯಾಡಿಸಿದರು.

"ಕೊಡಬಹುದಿತ್ತು, ಆದ್ರೆ ಕಾಮಗಾರಿ ಆಗ್ಲೇ ಪ್ರಗತಿಯಲ್ಲಿದೆಯಲ್ಲ. ಸೂಪರ್‌ವೈಸರ್ ಇಲ್ಲದೆ ಪ್ರಗತಿ ಹೇಗಾಗುತ್ತೆ ಹೇಳಿ." ಫೋಟೋದ ಮೇಲೆ ಬೆರಳಿಟ್ಟರು. "ನೋಡಿ, ಟೇಪ್ ಹಿಡ್ಕೊಂಡು ಬಗ್ಗಿದ್ದಾರಲ್ಲ, ಇವರೇ. ಆ ಪೋಸ್ಟ್ ಭರ್ತಿಯಾಗಿದೆ ಅಮ್ಮ."

ನಾನು ಬಾಯಿ ತೆರೆದೆ. ಮಗಳು ನನ್ನ ಕೈ ಹಿಡಿದು ಸುಮ್ಮನಾಗಿಸಿದಳು. ಆಮೇಲೆ ಬಹಳ ವಿನಯದಿಂದ ಕೇಳಿದಳು, "ಅವರಿಗೆ ಸಂಬಳ ಎಷ್ಟು ಸರ್?"

ಸಾಹೇಬರು ಮುಖ ಗಂಟಿಕ್ಕಿದರು.

"ಬೇರೆಯವರ ಸಂಬಳ ಕೇಳಬಾರದಮ್ಮ," ಎಂದರು.