ಭರಣಿಯೊಳಗಿನ ಲಾಡಿ ಮತ್ತು ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಸಣ್ಣ ಮನಸ್ಸಿನವರಿಗೆ ಬರುವ ಕಾಯಿಲೆ ಎಂದು ನಂಬಿದ್ದೆ. ನ್ಯಾಮತಿಯ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಹೇಳಿದ ಮೇಲೆ ನನಗೇ ಬಂತು. ತಂದವರು ಜಗಳೂರು ಕಡೆಯ ಬಿಳಿಚೋಡಿನಿಂದ ಹೊಸದಾಗಿ ಬಂದ ಶೈಲಜಾ ಮೇಡಂ.

ನನ್ನ ಪಾಠದಲ್ಲಿ ಜೀವಕೋಶದ ನ್ಯೂಕ್ಲಿಯಸ್ ಎಂದರೆ ಬೋರ್ಡಿನ ಮೇಲೊಂದು ವೃತ್ತ, ಒಳಗೆ ಶಾವಿಗೆಯಂತೆ ಗೀಚಿದ ಡಿಎನ್‌ಎ. "ಬರ್ಕೊಳ್ರಿ" ಎಂದರೆ ಮುಗಿಯಿತು. ಮೇಡಂ ಮಾತ್ರ ಗಾಜಿನ ಭರಣಿಯಲ್ಲಿ ಉದ್ದನೆಯ ಲಾಡಿ ತುಂಬಿಕೊಂಡು ತರಗತಿಗೆ ಹೋದರು. ಪಕ್ಕದ ಕೋಣೆಯಲ್ಲಿದ್ದ ನನಗೆ ನಗು, ಚಪ್ಪಾಳೆ ಕೇಳಿಸಿತು. ತಡೆಯಲಾರದೆ ಚಾಕ್‌ಪೀಸ್ ಕೇಳುವ ನೆಪದಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

"ಭರಣಿ ಅಂದ್ರೆ ನ್ಯೂಕ್ಲಿಯಸ್ಸು, ಲಾಡಿ ಅಂದ್ರೆ ಡಿಎನ್‌ಎ. ಕಣ್ಣಿನ ಕೋಶದಾಗೂ ಲಿವರಿನ ಕೋಶದಾಗೂ ಇದೇ ಲಾಡಿ ಐತೆ. ಮಡಚಿಟ್ಟ ರೀತಿ ಬೇರೆ" ಎನ್ನುತ್ತಿದ್ದರು ಮೇಡಂ. "ಗೋಡೆಗೆ ಒತ್ತಿಕೊಂಡ ಗಂಟು ನೋಡ್ರಿ, ಬೆರಳು ಹಾಕಾಕೆ ಜಾಗ ಇಲ್ಲ. ಅಂಥ ಜೀನ್ ಸಾಮಾನ್ಯವಾಗಿ ಸುಮ್ನಿರ್ತೈತೆ. ನಡುವೆ ಸಡಿಲ ಇರೋದನ್ನ ಕೋಶ ಸಲೀಸಾಗಿ ಓದ್ತೈತೆ." ಲಾಡಿಯಲ್ಲಿ ಮಾರುದೂರವಿದ್ದ ಕೆಂಪು ಗಂಟೂ ಹಸಿರು ಗಂಟೂ ಭರಣಿಯೊಳಗೆ ಒಂದಕ್ಕೊಂದು ತಾಗಿದ್ದವು. "ಕೆಂಪು ಸ್ವಿಚ್ಚು, ಹಸಿರು ಜೀನು. ದೂರದ್ದು ಹತ್ರ ಬಂದು ಕೆಲಸ ಶುರು ಮಾಡಿಸ್ತು ನೋಡ್ರಿ!"

ಇಷ್ಟು ಸರಳವಾದದ್ದು ನನಗೇಕೆ ಹೊಳೆಯಲಿಲ್ಲ? ಎದ್ದು ನಿಂತು ಕೇಳಿದೆ: "ಗೋಡೆ ಹತ್ರ ಇರೋವೆಲ್ಲಾ ಸುಮ್ನೇ ಇರ್ತಾವೇನ್ರೀ?"

"ಗೊತ್ತಿಲ್ಲ ಸರ್. ಓದಿ ಹೇಳ್ತೀನಿ."

ಗೆದ್ದೆನೆಂದು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚು ತಿಂದೆ. ಮರುದಿನ ಮೇಡಂ ನನ್ನನ್ನೇ ತರಗತಿಗೆ ಕರೆಸಿ, "ಸರ್ ಒಳ್ಳೇ ಪ್ರಶ್ನೆ ಕೇಳಿದ್ರು. ಗೋಡೇಲಿ ರಂಧ್ರ ಇರೋ ಕಡೆ ಕೆಲವು ಜೀನ್ ಚುರುಕಾಗೇ ಇರ್ತಾವಂತೆ" ಎಂದು ನನಗೂ ಚಪ್ಪಾಳೆ ಹೊಡೆಸಿದರು. ಆ ಚಪ್ಪಾಳೆಯಷ್ಟು ಯಾವ ಬೈಗುಳವೂ ನನ್ನನ್ನು ಸುಟ್ಟಿಲ್ಲ.

ಮುಂದಿನ ವಾರ ಚನ್ನಗಿರಿಯಲ್ಲಿ ಉಪನ್ಯಾಸಕರೆದುರು ಮಾದರಿ ಪಾಠವಿತ್ತು. ಹಿರಿಯನೆಂದು ನನ್ನನ್ನೇ ಕಳಿಸಿದರು. "ಉಪ್ಪಿನಕಾಯಿಯ ಗಾಜಿನ ಭರಣಿ ಎಲ್ಲಿಗ್ರೀ? ನನ್ನ ಲಂಗದ ಲಾಡಿ ಯಾಕ್ರೀ ನಿಮಗೆ?" ಎಂದು ಹೆಂಡತಿ ಕೂಗುತ್ತಿದ್ದರೂ ಬಸ್ ಹತ್ತಿದೆ. ಪಾಠ ಗೆದ್ದಿತು. ಹೊನ್ನಾಳಿಯ ಮೇಷ್ಟ್ರೊಬ್ಬರು ಕೈ ಕುಲುಕಿ, "ಈ ಐಡಿಯಾ ನಿಮ್ದೇ ಏನ್ರೀ?" ಎಂದರು. "ಹ್ಞೂಂ" ಎಂದುಬಿಟ್ಟೆ. ದಾರಿಯುದ್ದಕ್ಕೂ ಯಾರ ಮುಖ ನೋಡಲೂ ನಾಚಿಕೆ.

ಮೇಡಂ ಎದುರು ನಿಂತು ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ. ಇಲ್ಲಿಯವರೆಗಿನದನ್ನೆಲ್ಲ ತಪ್ಪೊಪ್ಪಿಗೆಯಾಗಿ ಬರೆದು ಕಾಲೇಜು ಪತ್ರಿಕೆಗೆ ಕೊಟ್ಟೆ. ಈ ವರ್ಷ ಅದರ ಸಂಪಾದಕರೂ ಅವರೇ ಎಂದು ಕೊಟ್ಟ ಮೇಲೆ ತಿಳಿಯಿತು. ನಿನ್ನೆ ಹಾಳೆ ವಾಪಸ್ ಬಂತು. ಅಂಚಿನಲ್ಲಿ ಅವರು ಬರೆದಿದ್ದರು: "ಓದಿ ಬಹಳ ನಕ್ಕೆ ಸರ್. ಮೂರು ಕಾಗುಣಿತ ತಪ್ಪು ತಿದ್ದಿದ್ದೇನೆ."

ಅವರು ಕ್ಷಮಿಸಿದರೆಂದು ಕಣ್ಣು ತುಂಬಬೇಕಿತ್ತು. ನಾನು ಆ ಬರಹವನ್ನೇ ನೋಡುತ್ತ ಕೂತೆ. ಎಂಥಾ ಮುತ್ತಿನಂಥ ಅಕ್ಷರ ಆ ಹೆಂಗಸಿನದು!