ಟಿಕೆಟ್ಟಿಗೆ ಅಡ್ಡ ಬಂದ ರಾಹು

ಕಲ್ಕತ್ತಾದ ಬಿಬಿಡಿ ಬಾಗ್‌ನ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ತಿರುವಿದವನಿಗೆ ಫುಟ್‌ಬಾಲ್ ವಿಶ್ವಕಪ್ಪಿನ ಎರಡು ಟಿಕೆಟ್ ಕೊಳ್ಳುವುದು ಯಾವ ಮಹಾ! ಎದುರುಮನೆಯ ಬಾಬ್ಲುದಾಗೆ ಹೀಗೆಂದೇ ಮಾತು ಕೊಟ್ಟೆ. ಅವರಿಗೆ ಎಪ್ಪತ್ತು ವರ್ಷ. ಅರ್ಜೆಂಟೀನಾ ಆಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದೊಂದೇ ಆಸೆ. ಆದರೆ ಕಂಪ್ಯೂಟರ್ ಎಂದರೆ ಭಯ. ನನಗೆ ಭಯವಿರಲಿಲ್ಲ. ಅದೇ ತೊಂದರೆಯಾಯಿತು.

ಬುಧವಾರ ರಜೆ ಹಾಕಿ ಬೆಳಗ್ಗೆಯೇ ಆನ್‌ಲೈನ್ ಕ್ಯೂನಲ್ಲಿ ನಿಂತೆ, ಅಂದರೆ ಕುಳಿತೆ. ಬಾಬ್ಲುದಾ ಅರ್ಜೆಂಟೀನಾ ಅಂಗಿ ತೊಟ್ಟು, ಒಂದು ಮಡಕೆ ರಸಗುಲ್ಲಾ ಹಿಡಿದು ಬಂದು ಪಕ್ಕದಲ್ಲೇ ಕೂತರು. ಮಧ್ಯಾಹ್ನ ಒಂದು ಇಪ್ಪತ್ತೆರಡಕ್ಕೆ ನಮ್ಮ ಸರದಿ ಬಂತು. ಹತ್ತು ನಿಮಿಷದೊಳಗೆ ಹಣ ಕಟ್ಟಬೇಕು!

"ರೀ, ಕೈ ತೆಗೀರಿ!" ಹೆಂಡತಿ ಸುಮಾ ಅಡುಗೆಮನೆಯಿಂದ ಓಡಿಬಂದಳು. ಮೈಸೂರಿನಿಂದ ಅವಳಮ್ಮ ಪ್ರತಿವರ್ಷ ಕಳಿಸುವ ಕ್ಯಾಲೆಂಡರ್ ತೋರಿಸಿದಳು. "ಒಂದೂವರೆವರೆಗೂ ರಾಹುಕಾಲ. ವಿಮಾನ ಹತ್ತೋ ವಿಷಯ ಇದು!"

ನಾನು ಗಂಭೀರವಾಗಿ ಲೆಕ್ಕ ಹಾಕಿದೆ. ಎಂಟು ನಿಮಿಷ ಕಾದರೂ ಎರಡು ನಿಮಿಷ ಉಳಿಯುತ್ತದೆ. ರಾಹುವೂ ಸಂತೃಪ್ತ, ಹೆಂಡತಿಯೂ ಸಂತೃಪ್ತೆ! ಮೂವರೂ ಗಡಿಯಾರ ನೋಡುತ್ತಾ ರಸಗುಲ್ಲಾ ತಿಂದೆವು.

ಒಂದೂವರೆಯಾಯಿತು. ಕಾರ್ಡ್ ನಂಬರ್ ಒತ್ತಲು ಹೋದರೆ ಬೆರಳೆಲ್ಲಾ ಪಾಕ! ಒಂದು ಏಳು ಒತ್ತಿದರೆ ಮೂರು ಏಳು ಬಿದ್ದವು. ಅಳಿಸಿ ಮತ್ತೆ ಒತ್ತಿದೆ. ಒಟಿಪಿ ಬಂತು. ಬಂದದ್ದು ಫೋನಿಗೆ. ಫೋನನ್ನು ಸುಮಾ, ಒಳ್ಳೆಯದಾಗಲಿ ಎಂದು, ದೇವರ ಮುಂದಿಟ್ಟಿದ್ದಳು! ಓಡಿ ತರುವಷ್ಟರಲ್ಲಿ ಸಮಯ ಮುಗಿದು ಟಿಕೆಟ್ ಬೇರೆಯವರ ಪಾಲಾಗಿತ್ತು.

ಬಾಬ್ಲುದಾ ಖಾಲಿ ಮಡಕೆ ಎತ್ತಿಕೊಂಡು ಎದ್ದರು. ನನಗೆ ಅಳುವೇ ಬಂತು.

ಸುಮಾ ಅಮ್ಮನಿಗೆ ಫೋನ್ ಮಾಡಿ ಗೋಳಾಡಿದಳು. ಸ್ಪೀಕರಿನಲ್ಲಿ ನಮ್ಮತ್ತೆಯ ದನಿ ಮೊಳಗಿತು: "ಅಯ್ಯೋ, ಅದು ನಮ್ಮೂರ ಲೆಕ್ಕ ಕಣೇ! ಕಲ್ಕತ್ತಾದಲ್ಲಿ ಸೂರ್ಯ ಮುಕ್ಕಾಲು ಗಂಟೆ ಮೊದಲೇ ಹುಟ್ತಾನೆ. ನಿಮ್ಮಲ್ಲಿ ರಾಹು ಆಗಲೇ ಎದ್ದು ಹೋಗಿರ್ತಾನೆ. ಅಳಿಯಂದಿರು ಅಷ್ಟೊಂದು ಓದಿದಾರೆ, ಗೊತ್ತಾಗಲಿಲ್ವಾ?"

ಇದನ್ನು ಬಾಬ್ಲುದಾಗೆ ಹಿಂದಿಯಲ್ಲಿ ವಿವರಿಸಿದೆ. ನನ್ನನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸದ್ಯ, ಬದುಕಿದೆ ಎಂದುಕೊಂಡೆ.

ಅರ್ಜೆಂಟೀನಾ ಪಂದ್ಯದ ದಿನ ನಮ್ಮ ಬೀದಿಯ ಕ್ಲಬ್ಬಿನಲ್ಲಿ ಟಿವಿ ಮುಂದೆ ಎಲ್ಲರಿಗೂ ಬಾಬ್ಲುದಾ ತಾವೇ ಕುರ್ಚಿ ಹಾಕಿದ್ದರು. ನನ್ನದು ಮಾತ್ರ ಕಂಬದ ಹಿಂದೆ!

"ಏನು ದಾದಾ ಇದು?"

"ನೀವು ನೋಡಬಾರದು ಮೂರ್ತಿಬಾಬು, ನಿಮಗಿನ್ನೂ ರಾಹುಕಾಲ!"

ಅರ್ಜೆಂಟೀನಾ ಎರಡು ಗೋಲು ಹೊಡೆಯಿತು. ಎರಡನ್ನೂ ನಾನು ಕಿವಿಯಾರೆ ಕೇಳಿದೆ.